ತೂತು ಗ್ರಿವೆನ್ನಿಕ್

ಪಾರ್ಶ್ವವಾಯು ಬಡಿದ ಕೈಗೆ ಮತ್ತೆ ಹಿಡಿತ ಕಲಿಸುವುದು ನನ್ನ ಕಸುಬು. ಬೆಳಗ್ಗೆ ಜಾಬ್ರಿಯಾದ ಆಸ್ಪತ್ರೆಯಲ್ಲಿ, ಮಧ್ಯಾಹ್ನದ ಮೇಲೆ ನಡೆದು ಬರಲಾಗದವರ ಮನೆಗಳಲ್ಲಿ. ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿ, ಮದುವೆಯಾಗಿ, ಗಂಡನ ಎಣ್ಣೆ ಕಂಪನಿಯ ಕೆಲಸದ ಹಿಂದೆ ಕುವೈತಿಗೆ ಬಂದವಳು ನಾನು. ಮನೆ ಫಹಾಹೀಲ್‌ನಲ್ಲಿ. ನನ್ನ ಚೀಲದಲ್ಲಿ ದೊಡ್ಡ ಯಂತ್ರಗಳೇನೂ ಇರುವುದಿಲ್ಲ. ಮೆತ್ತನೆಯ ಚೆಂಡು, ಬಟ್ಟೆ ಒಣಹಾಕುವ ಕ್ಲಿಪ್ಪು, ಅಂಗಿಯ ಗುಂಡಿಗಳು, ಚೌಕಾಬಾರ ಆಡಲೆಂದು ಊರಿನಿಂದ ತಂದು ಆಡದೇ ಉಳಿದ ಹಿಡಿ ಕವಡೆ. ಬೆರಳುಗಳಿಗೆ ಇಷ್ಟು ಸಾಕು.

ಒಂದು ಚಳಿಗಾಲದಲ್ಲಿ ಜಾಬ್ರಿಯಾದ ಒಳರಸ್ತೆಯ ಒಂದು ಮನೆಗೆ ನನ್ನನ್ನು ಕಳಿಸಿದರು. ಮನೆಯ ಯಜಮಾನರು ಕುವೈತಿನವರೇ, ನಿವೃತ್ತ ಕಣ್ಣಿನ ವೈದ್ಯರು. ವಯಸ್ಸು ಎಂಬತ್ತರ ಆಸುಪಾಸು. ಹಾಸಿಗೆಯಲ್ಲಿದ್ದವರು ಅವರ ಹೆಂಡತಿ, ರಷ್ಯಾದವರು. ಡಾಕ್ಟರು ಹುಡುಗರಾಗಿದ್ದಾಗ ವೈದ್ಯಕೀಯ ಓದಲು ಲೆನಿನ್‌ಗ್ರಾಡಿಗೆ ಹೋಗಿ, ಅಲ್ಲಿ ಮದುವೆಯಾಗಿ ಕರೆದುಕೊಂಡು ಬಂದಿದ್ದರಂತೆ. ಆಕೆ ಬಂದು ಐದು ದಶಕವಾಗಿತ್ತು. ಅಕ್ಕಪಕ್ಕದ ಹೆಂಗಸರಿಗಿಂತ ಸೊಗಸಾಗಿ ಕುವೈತಿ ಅರಬ್ಬಿ ಮಾತಾಡುತ್ತಿದ್ದರು, ಇಲ್ಲಿನ ಮಾಂಸದನ್ನ ಮಚ್‌ಬೂಸ್ ಮಾಡುವುದರಲ್ಲಿ ನಾದಿನಿಯರನ್ನೂ ಸೋಲಿಸುತ್ತಿದ್ದರು ಎಂದು ಡಾಕ್ಟರು ಮೊದಲ ದಿನವೇ ಹೇಳಿದರು.

ಪಾರ್ಶ್ವವಾಯು ಅವರ ಬಲಗೈಯ ಜೊತೆಗೆ ಮಾತನ್ನೂ ಹೊತ್ತುಕೊಂಡು ಹೋಗಿತ್ತು. ಅರಬ್ಬಿಯಲ್ಲಿ ಏನು ಕೇಳಿದರೂ ಗೊತ್ತಾಗದವರ ಹಾಗೆ ನೋಡುತ್ತಿದ್ದರು. ಇಂಗ್ಲಿಷೂ ಹೋಗಿತ್ತು. ಬಾಯಲ್ಲಿ ಉಳಿದಿದ್ದು ಒಂದೇ ಒಂದು ಪದ, 'ನ್ಯೆತ್'. ರಷ್ಯನ್ನಿನಲ್ಲಿ 'ಇಲ್ಲ' ಎಂದು ಅರ್ಥ. ನೀರು ಬೇಕಾ ಅಂದರೂ ನ್ಯೆತ್, ನೋವಿದೆಯಾ ಅಂದರೂ ನ್ಯೆತ್.

"ಆಸ್ಪತ್ರೆಯಲ್ಲಿ ಎಲ್ರೂ ಅರಬ್ಬಿಯಲ್ಲೇ ಮಾತಾಡ್ಸಿದ್ರು," ಅಂದರು ಡಾಕ್ಟರು. ಅವರೂ ನಾನೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ನಡುನಡುವೆ ನನಗೆ ಬಂದಷ್ಟು ಅರಬ್ಬಿಯಲ್ಲಿ. "ಒಂದಿನ ನಾನು ಬೇಜಾರಾಗಿ, ಇಷ್ಟ್ ವರ್ಷದ ಮೇಲೆ ರಷ್ಯನ್ನಲ್ಲಿ 'ಚಳಿ ಆಗ್ತಿದೆಯಾ' ಅಂತ ಕೇಳ್ದೆ. ಹೂಂ ಅಂತ ತಲೆ ಆಡಿಸಿದ್ಳು, ಬಿನ್ತಿ. ನಾನು ಅಲ್ಲೇ ಕೂತ್‌ಬಿಟ್ಟೆ."

ಬಿನ್ತಿ ಅಂದರೆ ಮಗಳೇ ಎಂದು. ಅವರು ನನ್ನನ್ನು ಕೊನೆಯವರೆಗೂ ಹಾಗೆಯೇ ಕರೆದರು. ನಾನು ಅವರನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದೆ. ಆಕೆಯನ್ನು ಮಾತ್ರ ಏನೆಂದು ಕರೆಯುವುದೋ ತಿಳಿಯದೆ, ಎರಡು ದಿನ ಮೇಡಮ್ ಅಂದು, ಮೂರನೇ ದಿನ ಬಾಯಿತಪ್ಪಿ 'ಅಜ್ಜಿ' ಅಂದುಬಿಟ್ಟೆ. ಆಕೆ ತಲೆ ಎತ್ತಿ ನೋಡಿದರು. ನ್ಯೆತ್ ಅನ್ನಲಿಲ್ಲ. ಅದೇ ಗಟ್ಟಿಯಾಯಿತು.

ಡಾಕ್ಟರ ರಷ್ಯನ್ ತುಕ್ಕು ಹಿಡಿದಿತ್ತು. ಕುವೈತಿಗೆ ಬಂದ ಮೇಲೆ ಅವರಿಗೆ ಅದರ ಅಗತ್ಯ ಬಿದ್ದಿರಲಿಲ್ಲ. ಅರಬ್ಬಿ ಕಲಿತು ಈ ಮನೆಯವಳಾದದ್ದು ಆಕೆ. ಈಗ ಡಾಕ್ಟರು ಬೆಳಗ್ಗೆ ಎದ್ದು ಹಳೆಯ ನಿಘಂಟು ಇಟ್ಟುಕೊಂಡು ವ್ಯಾಕರಣ ಓದುತ್ತಿದ್ದರು. ದಿಂಬು, ಚಮಚ, ಗಾರೆ ಕಿತ್ತ ಗೋಡೆ, ಎಲ್ಲದರ ಹೆಸರನ್ನೂ ಮತ್ತೆ ಕಲಿತರು. ತಪ್ಪು ಹೇಳಿದರೆ ಆಕೆಯ ಹುಬ್ಬು ಗಂಟಿಕ್ಕುತ್ತಿತ್ತು.

ಕೈಯ ಕೆಲಸ ಚೆಂಡು ಒತ್ತುವುದರಿಂದ ಶುರುವಾಗಿ ಕವಡೆಗೆ ಬಂತು. ಕವಡೆಯ ಬೆನ್ನು ಉಬ್ಬಿರುವುದರಿಂದ ಬೆರಳಿಗೆ ಸುಲಭವಾಗಿ ಸಿಗುತ್ತದೆ. ಮೇಜಿನಿಂದ ಎತ್ತುವುದಕ್ಕೆ ಎಲ್ಲಕ್ಕಿಂತ ಕಷ್ಟ ಚಪ್ಪಟೆಯ ನಾಣ್ಯ. ಅದಕ್ಕೆ ಉಗುರಿನ ತುದಿ ಬೇಕು, ಹೆಬ್ಬೆರಳು ತೋರುಬೆರಳು ಒಂದನ್ನೊಂದು ನಂಬಬೇಕು. "ಮನೆಯಲ್ಲಿ ಚಿಲ್ಲರೆ ಇದ್ದರೆ ಕೊಡಿ, ಬೇರೆ ಬೇರೆ ಅಳತೆಯದು," ಎಂದು ಕೇಳಿದೆ.

ಡಾಕ್ಟರು ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ತಂದು ಮೇಜಿನ ಮೇಲೆ ಸುರುವಿದರು. ಕುವೈತಿನ ಫಿಲ್ಸುಗಳು, ಅವರ ತಾಯಿಯ ಕಾಲದಲ್ಲಿ ಇಲ್ಲಿ ಚಲಾವಣೆಯಲ್ಲಿದ್ದ ನಮ್ಮದೇ ಹಳೆಯ ರೂಪಾಯಿಗಳು, ಸೋವಿಯತ್ ಕಾಲದ ಕೊಪೆಕ್‌ಗಳು. ರೂಪಾಯಿಯನ್ನು ನನ್ನ ಕೈಗಿಟ್ಟು, "ನಿಮ್ ಊರಿನ ರುಪ್ಪಿಯಾ. ನಾವಿನ್ನೂ ನೂರು ಫಿಲ್ಸಿಗೆ ರುಪ್ಪಿಯಾ ಅಂತ್ಲೇ ಅನ್ನೋದು," ಎಂದು ನಕ್ಕರು. ಆ ರಾಶಿಯ ನಡುವೆ ಅಜ್ಜಿಯ ಎಡಗೈ ಹೋಗಿ ಒಂದು ನಾಣ್ಯವನ್ನು ಮುಚ್ಚಿಕೊಂಡಿತು.

ಸಣ್ಣ ಬೆಳ್ಳಿ ನಾಣ್ಯ. ನಮ್ಮ ಹಳೆಯ ಹತ್ತು ಪೈಸೆಗಿಂತ ಚಿಕ್ಕದು, ತೆಳ್ಳಗೆ ಕಪ್ಪಿಟ್ಟಿತ್ತು. ಒಂದು ಕಡೆ ಎರಡು ತಲೆಯ ಹದ್ದು, ಇನ್ನೊಂದು ಕಡೆ ಎಲೆಯ ಹಾರದ ನಡುವೆ ಹತ್ತು ಕೊಪೆಕ್ ಎಂಬ ಅಕ್ಷರ. ಹದ್ದಿನ ಕಿರೀಟದ ಹತ್ತಿರ ಯಾರೋ ಮೊಳೆ ಹೊಡೆದು ತೂತು ಮಾಡಿದ್ದರು. ನಮ್ಮ ಮೈಸೂರಿನ ಗಂಡಭೇರುಂಡವನ್ನು ಬಸ್ಸಿನ ಮೇಲೆ, ಪುಸ್ತಕದ ಮೇಲೆ ನೋಡಿ ಬೆಳೆದ ನನಗೆ ಆ ಎರಡು ತಲೆಯ ಹಕ್ಕಿ ಗುರುತಿನದು ಅನ್ನಿಸಿತು.

"ಇದು ಗ್ರಿವೆನ್ನಿಕ್," ಅಂದರು ಡಾಕ್ಟರು. "ತ್ಸಾರ್ ದೊರೆಗಳ ಕಾಲದ್ದು. ಇವಳ ತಾಯಿಯದ್ದು."

ಅಜ್ಜಿ ಎಡಗೈಯಿಂದ ಮೇಜು ಕುಟ್ಟಿದರು. "ನ್ಯೆತ್! ಬಾಬುಷ್ಕಾ!"

ಡಾಕ್ಟರು ಬಾಯಿ ತೆರೆದು ನನ್ನ ಕಡೆ ನೋಡಿದರು. ಪಾರ್ಶ್ವವಾಯು ಬಡಿದ ಮೇಲೆ ಆಕೆಯ ಬಾಯಿಂದ ಬಂದ ಎರಡನೇ ಪದ ಅದು. ಬಾಬುಷ್ಕಾ ಎಂದರೆ ಅಜ್ಜಿ. ತಾಯಿಯದ್ದಲ್ಲ, ಅಜ್ಜಿಯದ್ದು ಎಂದು ಗಂಡನನ್ನು ತಿದ್ದಿದ್ದರು.

ಮಾರನೆಯ ದಿನದಿಂದ ಡಾಕ್ಟರು ಬೇಕೆಂದೇ ತಪ್ಪು ಹೇಳತೊಡಗಿದರು. ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಹೇಳಿಯೂ ಬಿಟ್ಟರು: "ಐವತ್ತು ವರ್ಷ ನನ್ನ ತಪ್ಪು ತಿದ್ದೋದೇ ಅವಳ ಕೆಲಸ. ಆ ಸಿಟ್ಟು ಇನ್ನೂ ಹೋಗಿಲ್ಲ, ನೋಡ್ದೆಯಲ್ಲ. ಸಿಟ್ಟಿನ ಜೊತೆ ಮಾತೂ ಬರತ್ತೆ. ಯಲ್ಲಾ, ನಡಿ, ನೀನು ಕೈ ನೋಡ್ಕೋ, ನಾನು ಬಾಯಿ ನೋಡ್ಕೋತೀನಿ."

ಹೀಗೆ ನಾನು ಆ ನಾಣ್ಯದ ಚರಿತ್ರೆಯನ್ನು ತಪ್ಪುಗಳ ಮೂಲಕ ಕಲಿತೆ. ಡಾಕ್ಟರು ರಷ್ಯನ್ನಿನಲ್ಲಿ ಒಂದು ವಾಕ್ಯ ಹೇಳುವುದು, ಅಜ್ಜಿ ಕೆರಳುವುದು, ಒಂದೋ ಎರಡೋ ಪದ ಹೊರಬೀಳುವುದು, ಡಾಕ್ಟರು ಅದನ್ನು ನನಗೆ ಇಂಗ್ಲಿಷಿನಲ್ಲಿ ಜೋಡಿಸಿ ಕೊಡುವುದು. ಅಷ್ಟರಲ್ಲಿ ನಾನು ಆಕೆಯ ಬಲಗೈ ಬೆರಳನ್ನು ಕವಡೆಯ ಮೇಲೆ ಕೂರಿಸುತ್ತಿದ್ದೆ.

ಅಜ್ಜಿಯ ಅಜ್ಜಿ ವೋಲ್ಗಾ ನದಿಯ ಕಡೆಯ ಒಂದು ಹಳ್ಳಿಯವರು. ಅವರು ಹುಟ್ಟಿದಾಗ ನೋಡಲು ಬಂದ ನೆಂಟಳೊಬ್ಬಳು ತೊಟ್ಟಿಲಲ್ಲಿ ಆ ಬೆಳ್ಳಿ ಇಟ್ಟಿದ್ದಳು. ಅಲ್ಲಿ ಅದಕ್ಕೆ 'ಹಲ್ಲಿಗೆ ಕೊಡೋದು' ಎನ್ನುತ್ತಾರಂತೆ, ಮಗುವಿಗೆ ಹಲ್ಲು ಚೆನ್ನಾಗಿ ಬರಲಿ ಎಂದು. ಮೊದಲ ಸ್ನಾನದ ನೀರಿನಲ್ಲಿ ಬೆಳ್ಳಿ ಹಾಕುವುದೂ ಉಂಟು. "ತೂತು ಹೊಡೆದದ್ದು ಸಿಪಾಯಿಯ ಗುಂಡು," ಎಂದು ಡಾಕ್ಟರು ಸುಳ್ಳು ಹೇಳಿದಾಗ ಅಜ್ಜಿ ಎರಡು ದಿನ ಹುಡುಕಿ ಕೊನೆಗೆ ಹಿಡಿದ ಪದ 'ಕುಜ್ನೆಟ್ಸ್', ಕಮ್ಮಾರ. ಊರಿನ ಕಮ್ಮಾರ ತೂತು ಮಾಡಿಕೊಟ್ಟಿದ್ದ, ದಾರದಲ್ಲಿ ಪೋಣಿಸಿ ಮಗುವಿನ ಕೊರಳಿಗೆ ಹಾಕಲು.

ನನಗೂ ಹೇಳಬೇಕೆನ್ನಿಸಿತು. ನಮ್ಮ ಕಡೆ ಎಳೆಮಗುವಿನ ಸೊಂಟಕ್ಕೆ ಬೆಳ್ಳಿ ಉಡಿದಾರ ಕಟ್ಟುವುದನ್ನು, ಬೆಳ್ಳಿಯ ಒಳಲೆಯಲ್ಲಿ ಹಾಲು ಕುಡಿಸುವುದನ್ನು ಕೈಸನ್ನೆಯಲ್ಲೇ ತೋರಿಸಿದೆ. ನೆಲಕ್ಕೆ ಕೂತು, ಕಾಲು ಚಾಚಿ, ಮೊಣಕಾಲ ಮೇಲೆ ಮಗುವನ್ನು ಬೋರಲು ಹಾಕಿಕೊಂಡು ಬಿಸಿನೀರು ಹೊಯ್ಯುವುದನ್ನು ದಿಂಬಿಟ್ಟುಕೊಂಡು ಮಾಡಿ ತೋರಿಸಿದೆ. ದಿಂಬಿನ ಮೂಗು ತೀಡಿದೆ, ಬೆನ್ನು ತಟ್ಟಿದೆ. ಅಜ್ಜಿ ಬಾಯಿ ಸೊಟ್ಟಗಾಗಿದ್ದರೂ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಎಡಗೈಯಲ್ಲಿ ಆ ದಿಂಬಿನ ಬೆನ್ನನ್ನು ಒಂದು ಸಲ ತಟ್ಟಿದರು.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳಿಗೆ ಹದಿನಾರು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಫೋನಿನಲ್ಲಿ ಹುಡುಕಿ ಗ್ರಿವೆನ್ನಿಕ್‌ನ ಪೂರ್ವಾಪರ ತೆಗೆದಳು. ಗ್ರಿವ್ನಾ ಎಂದರೆ ಬಹಳ ಹಿಂದೆ ಕೊರಳ ಸುತ್ತ ಹಾಕುವ ಕಡಗವಂತೆ. ಆಮೇಲೆ ಬೆಳ್ಳಿಯ ತೂಕಕ್ಕೆ ಆ ಹೆಸರಾಯಿತು, ಕೊನೆಗೆ ಹತ್ತು ಕೊಪೆಕ್‌ನ ಈ ಪುಟಾಣಿಗೆ. ಅದಕ್ಕೂ ಮೊದಲು ಬೆಳ್ಳಿಯ ತಂತಿ ಕತ್ತರಿಸಿ ಚಚ್ಚಿದ, ಮೀನಿನ ಹುರುಪೆಯಂಥ ಕೊಪೆಕ್‌ಗಳು ಜನರ ಕೈಯಲ್ಲಿ ಜಾರುತ್ತಿದ್ದವು. ಆಮೇಲೆ ಬಂದ ಹಳೆಯ ಗ್ರಿವೆನ್ನಿಕ್‌ಗಳಲ್ಲಿ ಓದು ಬಾರದವರಿಗಾಗಿ ಹತ್ತು ಚುಕ್ಕೆ ಒತ್ತುತ್ತಿದ್ದರಂತೆ.

"ದಟ್ಸ್ ಸೋ ಸ್ವೀಟ್, ಅಮ್ಮಾ," ಅಂದಳು ಮಗಳು. "ಡಾಟ್ಸ್ ಫಾರ್ ಪೀಪಲ್ ಹೂ ಕಾಂಟ್ ರೀಡ್." ಆಮೇಲೆ ಫೋನು ಕೆಳಗಿಟ್ಟು, "ಅಮ್ಮಾ, ಇಫ್ ದಿಸ್ ಹ್ಯಾಪನ್ಸ್ ಟು ಮಿ, ನನ್ಗೆ ಯಾವ್ ಲ್ಯಾಂಗ್ವೇಜ್ ಉಳಿಯತ್ತೆ?" ಎಂದು ಕೇಳಿದಳು.

"ಬಿಡ್ತು ಅನ್ನು. ಏನೇನ್ ಮಾತಾಡ್ತೀಯೇ!"

"ನೋ, ಸೀರಿಯಸ್ಲಿ."

"ನಾನ್ ದಿನಾ ಬೈತೀನಲ್ಲ, ಅದ್ ಉಳಿಯತ್ತೆ ಬಿಡು," ಅಂದೆ. ಅವಳು ನಕ್ಕು ನನ್ನ ಭುಜಕ್ಕೆ ಒರಗಿದಳು. ಆ ಸಂಜೆ ನನಗೆ ಇಪ್ಪತ್ತು ಮೂವತ್ತು ರಷ್ಯನ್ ಪದ ಫೋನಿನಲ್ಲಿ ಕೇಳಿಸಿ ಕೇಳಿಸಿ ಕಲಿಸಿದವಳೂ ಅವಳೇ. ನನ್ನ ಉಚ್ಚಾರಣೆಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಚಳಿ ಇಳಿದು ಧೂಳುಗಾಳಿ ಶುರುವಾಗುವ ಹೊತ್ತಿಗೆ ಅಜ್ಜಿ ಎರಡು ಮೂರು ಪದ ಜೋಡಿಸಿ ಆಡತೊಡಗಿದ್ದರು. ಎಲ್ಲವೂ ರಷ್ಯನ್ನೇ. ನಾಣ್ಯದ ಕತೆಯೂ ಮುಂದಕ್ಕೆ ಬಂದಿತ್ತು. ಮೊದಲ ಮಹಾಯುದ್ಧದಲ್ಲಿ ಜನರೆಲ್ಲ ಬೆಳ್ಳಿ ಚಿಲ್ಲರೆಯನ್ನು ಹೂತಿಟ್ಟು, ಅಂಗಡಿಗಳಲ್ಲಿ ಚಿಲ್ಲರೆಯೇ ಇಲ್ಲದೆ ಸರ್ಕಾರ ದಪ್ಪ ಕಾಗದದ ಮೇಲೆ ಅಂಚೆಚೀಟಿ ಅಚ್ಚುಹಾಕಿ ಇದೇ ನಾಣ್ಯ ಅಂದುಕೊಳ್ಳಿ ಎಂದಿತ್ತು. ದೊರೆ ಹೋದ, ಹದ್ದು ಹೋಯಿತು. ಸೋವಿಯತ್ತಿನವರು ಕೆಲವು ವರ್ಷ ಬೆಳ್ಳಿಯಲ್ಲೇ ಒತ್ತಿ ಆಮೇಲೆ ನಿಕ್ಕಲ್ಲಿಗೆ ಇಳಿದರು. ಹೆಸರು ಮಾತ್ರ ಜನರ ಬಾಯಲ್ಲಿ ಗ್ರಿವೆನ್ನಿಕ್ ಎಂದೇ ಉಳಿಯಿತು. ಬರಗಾಲದ ವರ್ಷಗಳಲ್ಲಿ ಬಾಬುಷ್ಕಾ ಬೆಳ್ಳಿ ಚಮಚ, ಓಲೆ, ಕೊರಳ ಶಿಲುಬೆ ಎಲ್ಲವನ್ನೂ ಸರ್ಕಾರಿ ಅಂಗಡಿಗೆ ಕೊಟ್ಟು ಹಿಟ್ಟು ತಂದರು. ಇದೊಂದನ್ನು ಕೊಡಲಿಲ್ಲ.

"ಯಾಕಂದ್ರೆ ಇದು ಬಹಳ ಬೆಲೆಬಾಳೋದು," ಎಂದು ಡಾಕ್ಟರು ಗಾಳ ಹಾಕಿದರು.

"ನ್ಯೆ ತಾಕ್," ಹಾಗಲ್ಲ, ಅಂದರು ಅಜ್ಜಿ. ಅರ್ಧ ಬೆಳ್ಳಿ, ಅರ್ಧ ತಾಮ್ರ. ಇದಕ್ಕೆ ಸಿಗುತ್ತಿದ್ದುದು ಒಂದು ಹಿಡಿ ಹಿಟ್ಟೂ ಅಲ್ಲ. ಅದಕ್ಕೇ ಉಳಿಯಿತು.

ಡಾಕ್ಟರು ತಮ್ಮಿಬ್ಬರ ಮೊದಲ ಭೇಟಿಯನ್ನೂ ಈ ಆಟಕ್ಕೆ ತಂದರು. ಐದು ಕೊಪೆಕ್ ನಾಣ್ಯ ಮಾತ್ರ ನುಂಗುವ ಮೆಟ್ರೋ ಬಾಗಿಲಲ್ಲಿ ಅವರು ನಿಕ್ಕಲಿನ ಗ್ರಿವೆನ್ನಿಕ್ ಹಾಕಲು ಹೋಗಿ, ಕಬ್ಬಿಣದ ಕೈಗಳು ಎರಡೂ ಕಡೆಯಿಂದ ಬಂದು ಮೊಣಕಾಲಿಗೆ ಬಡಿದಿದ್ದವಂತೆ. ಹಿಂದೆ ನಿಂತಿದ್ದ ಹುಡುಗಿ ನಕ್ಕು, ಚಿಲ್ಲರೆ ಮಾಡುವ ಯಂತ್ರ ತೋರಿಸಿದಳು. "ನಾನು ಅಳಲಿಲ್ಲ," ಅಂದರು ಡಾಕ್ಟರು ಗಂಭೀರವಾಗಿ.

"ಪ್ಲಾಕಲ್," ಅಂದರು ಅಜ್ಜಿ ತಕ್ಷಣ. ಅತ್ತಿದ್ದ.

ಇಂಥ ಒಂದು ಮಧ್ಯಾಹ್ನ, ಎಂದಿನಂತೆ, ಡಾಕ್ಟರು ಇನ್ನೊಂದು ತಪ್ಪು ಹೇಳಿದರು. ಕಿಟಕಿಯಾಚೆ ಧೂಳು ಕವಿದು ಬೀದಿ ಹಳದಿಯಾಗಿತ್ತು. ಮೇಜಿನ ಮೇಲೆ ಕವಡೆ, ಫಿಲ್ಸು, ಕೊನೆಯಲ್ಲಿ ಆ ಗ್ರಿವೆನ್ನಿಕ್. ಅಜ್ಜಿ ದಿನಾ ಅದನ್ನು ಎತ್ತಲು ನೋಡಿ ಸೋಲುತ್ತಿದ್ದರು. ಮಡಿಸಿದ ಟವೆಲ್ ಮೇಲಿಟ್ಟರೆ ಮಾತ್ರ ಬೆರಳಿಗೆ ಸಿಗುತ್ತಿತ್ತು. "ಇದನ್ನು ನಾವು ಸ್ನಾನದ ನೀರಿಗೆ ಹಾಕಿದ್ದು ಒಂದೇ ಸಲ," ಅಂದರು ಡಾಕ್ಟರು, "ನಮ್ಮ ಮಗಳು ಇಲ್ಲಿ ಹುಟ್ಟಿದಾಗ." ಆ ಮಗಳೀಗ ಸಂಸಾರದೊಂದಿಗೆ ಪಕ್ಕದ ಬಡಾವಣೆಯಲ್ಲೇ ಇದ್ದಾಳೆ. ಅಜ್ಜಿ ಸಿಟ್ಟಾಗಿ, ಆ ನೀರಿಗೆ ಯಾರು ಹಾಕಿದರು, ಯಾವಾಗ ಎಂದೇನಾದರೂ ಹೇಳಲಿ ಎಂಬುದಷ್ಟೇ ಅವರ ಲೆಕ್ಕ.

ಅಜ್ಜಿ ಮೇಜು ಕುಟ್ಟಲಿಲ್ಲ. ಬಹಳ ಮೆಲ್ಲಗೆ, "ನ್ಯೆತ್," ಅಂದರು. ಆಮೇಲೆ, "ಮಾಲ್ಚಿಕ್."

ಆ ಪದ ನನಗೆ ಗೊತ್ತಿತ್ತು, ಮಗಳು ಕಲಿಸಿದ್ದಳು. ಗಂಡು ಮಗು.

ಡಾಕ್ಟರು ತಟ್ಟನೆ ಎದ್ದು ನಿಂತು, ಮತ್ತೆ ಕೂತರು. ಅಜ್ಜಿ ಮುಂದೆ ಏನೇನೋ ಹೇಳಿದರು, ತಡೆದು ತಡೆದು, ನಡುವೆ ಪದ ಸಿಗದೆ ಉಸಿರೆಳೆದು. ಡಾಕ್ಟರು ಅನುವಾದ ಮಾಡಲಿಲ್ಲ. ಒಂದು ಸಲ ಆಕೆ ಎಡಗೈಯ ತೋರುಬೆರಳನ್ನು ಬಲಗೈ ಮುಷ್ಟಿಯೊಳಗೆ ತೂರಿಸಿ ತೋರಿಸಿದರು, ಎಳೆಮಗು ದೊಡ್ಡವರ ಬೆರಳು ಹಿಡಿಯುವ ಹಾಗೆ. ಅದು ಭಾಷೆ ಇಲ್ಲದೆಯೂ ತಿಳಿಯಿತು. ಡಾಕ್ಟರು ಆ ಮುಷ್ಟಿಯ ಮೇಲೆ ತಮ್ಮ ಕೈ ಇಟ್ಟು, ಒಂದು ಹೆಸರು ಹೇಳಿದರು. ಆಕೆಯೂ ಅದೇ ಹೆಸರು ಹೇಳಿದರು.

ನಾನು ಚಹಾ ಮಾಡಿಕೊಂಡು ಬರುತ್ತೇನೆ ಎಂದು ಅಡುಗೆಮನೆಗೆ ಹೋದೆ. ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ಬಂದು ಸಿಂಕಿನಲ್ಲಿ ಮುಖ ತೊಳೆದು, ಟವೆಲ್ ಹಿಡಿದುಕೊಂಡೇ ಹೇಳಿದರು.

"ನಾವಿನ್ನೂ ಓದ್ತಿದ್ವಿ ಆಗ. ಹಾಸ್ಟೆಲ್ ರೂಮು, ಕಿಟಕಿಗೆ ಹಿಮ. ಅವಳೇ ಬಕೆಟ್ಟಲ್ಲಿ ನೀರು ಕಾಯಿಸಿ, ಗ್ರಿವೆನ್ನಿಕ್ ಹಾಕಿ, ಸ್ನಾನ ಮಾಡಿಸಿದ್ಳು. ಚಳಿಗಾಲ ಮುಗಿಯೋ ಹೊತ್ತಿಗೆ ಎದೆಗೆ ಕಫ ಕಟ್ಟಿ ಹೋದ. ಇಬ್ರೂ ಡಾಕ್ಟರಾಗೋರು, ನೋಡು. ಅಲ್ಲೇ ಮಣ್ಣು ಮಾಡಿ ಇಲ್ಲಿಗ್ ಬಂದ್ವಿ."

"ಮಗಳಿಗೆ ಗೊತ್ತಾ?"

"ಇಲ್ಲ. ನಮ್ಮಮ್ಮ ಹೇಳಿದ್ರು, ಹೋದ ಮಗುವಿನ ಮಾತೆತ್ಬೇಡಿ, ಬರೋ ಮಗುಗೆ ಒಳ್ಳೇದಲ್ಲ ಅಂತ. ಪ್ರೀತಿಯಿಂದ್ಲೇ ಹೇಳಿದ್ರು. ಇವಳು ಒಪ್ಪಿದ್ಳು. ಆಮೇಲೆ ಅರಬ್ಬಿ ಕಲಿತ್ಳು, ಮನೆ ತುಂಬ ಅರಬ್ಬಿ. ಅವನ ಬಗ್ಗೆ ಅರಬ್ಬಿಯಲ್ಲಿ ನಾವಿಬ್ರೂ ಒಂದ್ ಮಾತೂ ಆಡಿಲ್ಲ, ಬಿನ್ತಿ. ಅವನು ಅರಬ್ಬಿ ಕೇಳ್ಲೇ ಇಲ್ವಲ್ಲ. ಅವನಿಗೆ ಗೊತ್ತಿದ್ದಿದ್ದು ಅವಳ ರಷ್ಯನ್ ಜೋಗುಳ ಅಷ್ಟೇ." ಟವೆಲ್ಲನ್ನು ಕೊಂಡಿಗೆ ಹಾಕಿ, "ನಾನ್ ಮರ್ತಿದೀನಿ ಅಂದ್ಕೊಂಡಿದ್ಳಂತೆ ಅವಳು. ಈಗ್ ಹೇಳಿದ್ಳು. ನಾನು, ಅವಳು ಮರ್ತಿದಾಳೆ ಅಂದ್ಕೊಂಡಿದ್ದೆ," ಅಂದರು.

ಚಹಾ ತೆಗೆದುಕೊಂಡು ಒಳಗೆ ಹೋದಾಗ ಅಜ್ಜಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಗ್ರಿವೆನ್ನಿಕ್ ಆಕೆಯ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಇತ್ತು. ಟವೆಲ್ಲಿಲ್ಲದೆ, ಬರೀ ಮೇಜಿನಿಂದ ಎತ್ತಿಕೊಂಡಿದ್ದರು. ಯಾವಾಗ ಎತ್ತಿದರೋ ನಾವಿಬ್ಬರೂ ನೋಡಲಿಲ್ಲ. ವಾರಗಟ್ಟಲೆ ನಾನು ಕಾದದ್ದು ಅದನ್ನೇ. ಬೇರೆ ದಿನವಾಗಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆ. ಅವತ್ತು ಲೋಟಕ್ಕೆ ಸಕ್ಕರೆ ಹಾಕಿ, ಕಲಸಿ, ಆಕೆಯ ಎಡಗೈಗೆ ಕೊಟ್ಟೆ.

ಆಮೇಲೆ ಡಾಕ್ಟರು ಬೇಕೆಂದೇ ತಪ್ಪು ಹೇಳುವುದನ್ನು ಬಿಟ್ಟರು. ನಿಜವಾದ ತಪ್ಪುಗಳೇ ಸಾಕಷ್ಟಿದ್ದವು. ಆ ಶುಕ್ರವಾರ ಮಗಳನ್ನು ಕರೆಸಿ ಇಬ್ಬರೂ ಸೇರಿ ಅವಳ ಅಣ್ಣನ ವಿಷಯ ಹೇಳಿದರಂತೆ. ಅವಳು ಬಹಳ ಅತ್ತಳು, ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಸಿಟ್ಟೂ ಮಾಡಿಕೊಂಡಳು, ಆಮೇಲೆ ತಾಯಿಯ ಪಕ್ಕದಲ್ಲೇ ಮಲಗಿ ನಿದ್ದೆ ಹೋದಳು ಎಂದು ಡಾಕ್ಟರು ಹೇಳಿದರು. ಮೊಮ್ಮಕ್ಕಳು ಅಜ್ಜಿಯೊಂದಿಗೆ ಆಡಲು ರಷ್ಯನ್ ಪದಗಳನ್ನು ಕಲಿಯತೊಡಗಿದರು.

ಅರಬ್ಬಿ ಮಾತ್ರ ಮರಳಿರಲಿಲ್ಲ. ನೆರೆಮನೆಯ ಹೆಂಗಸರು ನೋಡಲು ಬಂದು, ಕೈ ಹಿಡಿದು, ಏನೂ ಉತ್ತರ ಸಿಗದೆ ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಅಜ್ಜಿಗೆ ಅದು ತಿಳಿಯುತ್ತಿತ್ತು. ಅವರು ಹೋದ ಮೇಲೆ ಬಹಳ ಹೊತ್ತು ಗೋಡೆ ನೋಡುತ್ತಿದ್ದರು.

ಮುಂದಿನ ರಂಜಾನ್ ಬಂತು. ಆ ತಿಂಗಳ ನಡುವಿನ ಸಂಜೆಗಳಲ್ಲಿ ಇಲ್ಲಿ ಮಕ್ಕಳ ಹಬ್ಬ, ಗರ್ಗೇಆನ್. ಜರಿಯ ಅಂಗಿ ತೊಟ್ಟು, ಕೊರಳಿಗೆ ಬಟ್ಟೆ ಚೀಲ ನೇತುಹಾಕಿಕೊಂಡು ಮನೆಮನೆಗೆ ಹೋಗಿ ಹಾಡುತ್ತಾರೆ. ಮನೆಯವರು ಬಾದಾಮಿ, ಪಿಸ್ತಾದಂಥ ಬೀಜ, ಮಿಠಾಯಿ ಹಾಕುತ್ತಾರೆ. ಡಾಕ್ಟರು ನನ್ನನ್ನೂ ನನ್ನ ಮಗಳನ್ನೂ ಉಪವಾಸ ಬಿಡುವ ಊಟಕ್ಕೆ ಕರೆದಿದ್ದರು. ಊಟವಾದ ಮೇಲೆ ಅಜ್ಜಿಯ ಗಾಲಿಕುರ್ಚಿಯನ್ನು ಮುಂಬಾಗಿಲಿಗೆ ತಂದು, ತೊಡೆಯ ಮೇಲೆ ಬೀಜದ ಬುಟ್ಟಿ ಇಟ್ಟೆವು. ಬಲಗೈಯಿಂದಲೇ ಹಾಕಬೇಕು ಎಂದು ನಾನು ಕಟ್ಟಪ್ಪಣೆ ಮಾಡಿದ್ದೆ.

ಬೀದಿಯ ಮಕ್ಕಳೆಲ್ಲ ಬಂದು ಮೆಟ್ಟಿಲ ಮೇಲೆ ನಿಂತು ಹಾಡಲು ಶುರುಮಾಡಿದರು. ಅಜ್ಜಿ ಬೀಜ ಹಿಡಿದ ಕೈಯನ್ನು ಅರ್ಧಕ್ಕೆ ನಿಲ್ಲಿಸಿದರು. ತುಟಿ ಅಲುಗಿತು. ಎರಡನೇ ಸಾಲಿಗೆ ದನಿ ಸೇರಿಕೊಂಡಿತು, ಒಡೆದ ದನಿ, ಆದರೆ ಪದಗಳು ಸ್ಪಷ್ಟ. ಅರಬ್ಬಿ. ಎಷ್ಟೋ ವರ್ಷ ಅದೇ ಬಾಗಿಲಲ್ಲಿ ಅದೇ ಹಾಡು ಕೇಳಿ ಬುಟ್ಟಿ ಖಾಲಿ ಮಾಡಿದವರು. ಮಾತಿಗೆ ಬಾರದ ಭಾಷೆ ರಾಗದ ಜೊತೆ ಬರಬಹುದು ಎಂದು ನಾನು ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ನೆರೆಮನೆಯ ಹೆಂಗಸೊಬ್ಬರು ತಮ್ಮ ಬಾಗಿಲಿಂದಲೇ "ಯಾ ಅಲ್ಲಾಹ್!" ಎಂದು ಓಡಿಬಂದು ಆಕೆಯ ತಲೆಗೆ ಮುತ್ತಿಟ್ಟರು. ನನ್ನ ಮಗಳು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು, "ಅಮ್ಮಾ, ಅಜ್ಜಿ ಹಾಡ್ತಿದಾರೆ!" ಅಂದಳು.

ಮಕ್ಕಳಿಗೆ ಇದೆಲ್ಲ ಏನು ಗೊತ್ತು. ಹಾಡು ಮುಗಿಸಿ ಚೀಲ ಒಡ್ಡಿ ನಿಂತರು. ಡಾಕ್ಟರು ಹೆಂಡತಿಯ ಕುರ್ಚಿಯ ಹಿಂದೆ ನಿಂತು, ಮೂಗು ಒರೆಸಿಕೊಳ್ಳುತ್ತ, ಇನ್ನೊಂದು ಸಲ ಹಾಡು, ಇನ್ನೊಂದು ಸಲ ಎಂದು ಅರಬ್ಬಿಯಲ್ಲಿ ಬೇಡುತ್ತಿದ್ದರು. ಅಜ್ಜಿ ಹಿಂದಕ್ಕೆ ತಿರುಗಿ, "ತೀಶೆ," ಸುಮ್ಮನಿರು, ಎಂದು ರಷ್ಯನ್ನಿನಲ್ಲಿ ಗದರಿ, ಮುಂದೆ ನಿಂತಿದ್ದ ಪುಟ್ಟ ಹುಡುಗಿಯ ಚೀಲಕ್ಕೆ ಬಲಗೈಯಿಂದ ಬೀಜ ಸುರಿದರು. ಅರ್ಧ ಚೀಲಕ್ಕೆ ಬಿತ್ತು, ಅರ್ಧ ಮೆಟ್ಟಿಲ ಮೇಲೆ. ಮಕ್ಕಳು ಕೂಗುತ್ತ ಆರಿಸಿಕೊಳ್ಳಲು ಬಗ್ಗಿದರು.